ನಿಯಮದ ನವೀಕರಣ

ದೇವಪೂಜೆ, ಗುರೂಪಾಸನೆ, ಸ್ವಾಧ್ಯಾಯ, ಸಂಯಮ, ತಪ, ದಾನ ಎಂಬ ಷಟ್ಕರ್ಮಗಳು ಶ್ರಾವಕನ ದಿನಚರಿಗೆ ಆಧಾರವಾಗಿವೆ. ಪ್ರತಿದಿನ ಆಚರಿಸುವ ಕಾರ್ಯವು ಕಾಲಕ್ರಮದಲ್ಲಿ ರೂಢಿಯಾಗುವುದು ಸಹಜ. ರೂಢಿಯಿಂದ ಮನಸ್ಸಿಗೆ ಬಲವೂ ಉಂಟು, ಅಪಾಯವೂ ಉಂಟು. ಎಚ್ಚರವಿರುವವರೆಗೆ ಅದು ವ್ರತವೆಂಬ ಬೆಳೆಗೆ ಹಾಕಿದ ಬೇಲಿ. ಎಚ್ಚರ ಅಳಿದ ಮೇಲೆ ಬೇಲಿ ಮಾತ್ರ ಉಳಿದು ಹೊಲ ಬೀಳುಬೀಳುತ್ತದೆ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಾಮಾಯಿಕದ ಐದು ಅತಿಚಾರಗಳನ್ನು ನಿರೂಪಿಸುವಾಗ, ಮನ-ವಚನ-ಕಾಯಗಳ ದುಷ್ಪ್ರಣಿಧಾನದೊಡನೆ ಅನಾದರ ಮತ್ತು ಅಸ್ಮರಣಗಳನ್ನೂ ಸೇರಿಸಿದ್ದಾರೆ. ಪ್ರೋಷಧೋಪವಾಸದ ಅತಿಚಾರಗಳಲ್ಲಿಯೂ ಇವೆರಡು ಮತ್ತೆ ಕಾಣಿಸಿಕೊಳ್ಳುತ್ತವೆ. ಆದರವಿಲ್ಲದೆ, ನೆನಪಿಲ್ಲದೆ ನಡೆದ ಆಚರಣೆಯಲ್ಲಿ ಕ್ರಿಯೆ ಪೂರ್ಣವಾಗಿದ್ದರೂ ದೋಷ ಉಳಿದೇ ಇರುತ್ತದೆ ಎಂಬುದು ಇದರ ತಾತ್ಪರ್ಯ.

ತಿಕೋಟಾದಿಂದ ಪ್ರತಿದಿನ ವಿಜಯಪುರಕ್ಕೆ ದುಡಿಯಲು ಹೋಗುವ ಒಬ್ಬ ಶ್ರಾವಕನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅವನಿಗೆ ರಾತ್ರಿಭೋಜನ ತ್ಯಾಗವಿದೆ. ಸಂಜೆ 6 ಗಂಟೆಯೊಳಗೆ ಮನೆ ಸೇರಿ ಊಟಕ್ಕೆ ಕೂಡುವುದು ಅವನ ರೂಢಿ. ಜ್ಯೇಷ್ಠ-ಆಷಾಢಗಳಲ್ಲಿ ಸೂರ್ಯಾಸ್ತವು 7 ಗಂಟೆಯ ಹತ್ತಿರವಾದುದರಿಂದ ವ್ರತ ಹೇಗೋ ಸಲ್ಲುತ್ತದೆ. ಕಾರ್ತಿಕ-ಮಾರ್ಗಶಿರಗಳಲ್ಲಿ ಸೂರ್ಯನು 6 ಗಂಟೆಗೆ ಮೊದಲೇ ಅಸ್ತಮಿಸುತ್ತಾನೆ. ಅಸ್ತಮಾನಕ್ಕೆ 2 ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಯಬೇಕೆಂಬ ಮರ್ಯಾದೆಯನ್ನು ಪಾಲಿಸುವವನಿಗೆ 5 ಗಂಟೆಯ ಸುಮಾರಿಗೇ ಹೊತ್ತು ಮೀರುತ್ತದೆ. ಅವನು ಹಸಿದು ಬಂದು ಮನೆಯವರ ಮೇಲೆ ಸಿಡುಕುತ್ತಾನೆ. ಅವನಿಗಾಗಿ ಕಾದು ಕುಳಿತ ಗೃಹಿಣಿಯೂ ಆ ದಿನ ಊಟವಿಲ್ಲದೆ ಮಲಗುತ್ತಾಳೆ. ಇಬ್ಬರೂ ಉಣ್ಣಲಿಲ್ಲ, ಆದರೆ ಉಪವಾಸವಾಯಿತೆಂದು ಹೇಳಲಾಗದು. ಸಂಕಲ್ಪಪೂರ್ವಕವಾಗಿ ಚತುರ್ವಿಧ ಆಹಾರವನ್ನು ತ್ಯಜಿಸಿ ಕಷಾಯವನ್ನು ಶಮನಗೊಳಿಸುವುದೇ ಉಪವಾಸ. ಹೊತ್ತು ತಪ್ಪಿ ಬಂದ ಹಸಿವು ಕ್ರೋಧವನ್ನು ಬೆಳೆಸಿದರೆ ಅದು ಲಂಘನ ಮಾತ್ರ.

ಇಂಥ ಸ್ಥಿತಿಯಲ್ಲಿ ಕೆಲವರು, ಈ ಕಾಲಕ್ಕೆ ವ್ರತ ನಡೆಯದೆಂದು ಅದನ್ನೇ ಕೈಬಿಡುತ್ತಾರೆ. ಬೇರೆ ಕೆಲವರು, ಹಿರಿಯರಿಂದ ಬಂದ ಪದ್ಧತಿ ಬದಲಾಗಬಾರದೆಂದು ದಿನವೂ ಕಲಹದಲ್ಲಿಯೇ ಅದನ್ನು ಎಳೆದುಕೊಂಡು ಹೋಗುತ್ತಾರೆ. ಇಬ್ಬರೂ ವ್ರತ ಯಾವುದು, ರೂಢಿ ಯಾವುದು ಎಂಬ ವಿವೇಕವನ್ನು ಮರೆತಿದ್ದಾರೆ. ಸೂರ್ಯನಿರುವಾಗ ಉಣ್ಣುವುದು ವ್ರತ. ಗಡಿಯಾರದ 6 ಗಂಟೆ ರೂಢಿ. ಆ ಶ್ರಾವಕನು ಚಳಿಗಾಲ ಮುಗಿಯುವವರೆಗೆ ಎರಡು ರೊಟ್ಟಿಯ ಬುತ್ತಿಯನ್ನು ಜೊತೆಗೆ ಒಯ್ದು, ಹೊತ್ತಿರುವಾಗಲೇ ನಗರದಲ್ಲಿ ಉಂಡು, ಮನೆಗೆ ಬಂದು ಸಾಮಾಯಿಕಕ್ಕೆ ಕುಳಿತರೆ ವ್ರತವೂ ಉಳಿಯುತ್ತದೆ, ಗೃಹಿಣಿಯೂ ತನ್ನ ಹೊತ್ತಿಗೆ ಉಣ್ಣುತ್ತಾಳೆ, ಮನೆಯ ಶಾಂತಿಯೂ ಉಳಿಯುತ್ತದೆ.

ಇದಕ್ಕೆ ಶಾಸ್ತ್ರದಲ್ಲಿಯೇ ದಾರಿಯಿದೆ. ಭೋಗೋಪಭೋಗ ಪರಿಮಾಣವನ್ನು ಹೇಳುವಾಗ ಸಮಂತಭದ್ರರು ತ್ಯಾಗವನ್ನು ಯಮ, ನಿಯಮ ಎಂದು ವಿಭಾಗಿಸಿದ್ದಾರೆ. ಜೀವವಿರುವವರೆಗೆ ಧರಿಸುವುದು ಯಮ. ಕಾಲದ ಮಿತಿಯುಳ್ಳದ್ದು ನಿಯಮ. ಭೋಜನ, ವಾಹನ, ಶಯನ, ಸ್ನಾನ, ತಾಂಬೂಲ, ವಸ್ತ್ರ, ಆಭರಣ ಮೊದಲಾದವುಗಳಿಗೆ ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಅವಧಿಯನ್ನು ಕಟ್ಟಿಕೊಳ್ಳಬಹುದು. ಅವಧಿ ಮುಗಿದಾಗ ಶ್ರಾವಕನು ತನ್ನ ನಿಯಮವನ್ನು ಪುನಃ ನೋಡಿಕೊಳ್ಳಲೇಬೇಕು. ಮರೆತು ನಡೆಯದಂತೆ ಅವಧಿಯೇ ಅವನನ್ನು ಎಚ್ಚರಿಸುತ್ತದೆ.

ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಈ ತತ್ತ್ವ ಅಪರಿಚಿತವಲ್ಲ. ಏಪ್ರಿಲ್ ಚಾಟ್ನಿಯಲ್ಲಿ ಹಳೆಯ ಕಡ್ಡಿಯನ್ನು ಕತ್ತರಿಸಿ ಹೊಸದನ್ನು ಬೆಳೆಸುತ್ತಾರೆ. ಅಕ್ಟೋಬರ್ ಚಾಟ್ನಿಯ ಅನಂತರ ಒಡೆದ ಚಿಗುರಿನಲ್ಲಿ ಗೊಂಚಲು ಮೂಡುತ್ತದೆ. ಕಡ್ಡಿ ಮುದಿಯಾಯಿತೆಂದು ಬೇರನ್ನು ಯಾರೂ ಅಗೆಯುವುದಿಲ್ಲ. ಬೇರು ಗಟ್ಟಿಯಿದೆಯೆಂದು ಕಡ್ಡಿಯನ್ನು ಹಾಗೆಯೇ ಬಿಡುವುದೂ ಇಲ್ಲ. ಯಮವು ಬೇರು, ನಿಯಮವು ಕಡ್ಡಿ.

ನೀರು ಸೋಸುವ ಆಚಾರವನ್ನೂ ಹೀಗೆಯೇ ಪರೀಕ್ಷಿಸಬೇಕು. ಬಾವಿಯಿಂದ ಸೇದಿದ ನೀರನ್ನು ದಪ್ಪ ಬಟ್ಟೆಯ ಎರಡು ಪದರಿನಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಸೋಸಿದ ನೀರಿನಿಂದಲೇ ಜಾರಿಸಿ ಅದೇ ಬಾವಿಗೆ ಬಿಡುವುದು ಹಿಂದಿನ ಕ್ರಮ. ಈಗ ಬಬಲೇಶ್ವರದಲ್ಲಾಗಲಿ ನಗರದಲ್ಲಾಗಲಿ ನಳಕ್ಕೆ ಕಟ್ಟಿದ ಬಟ್ಟೆ ತಿಂಗಳುಗಟ್ಟಲೆ ಒದ್ದೆಯಾಗಿಯೇ ಇದ್ದರೆ, ಜೀವರಕ್ಷಣೆಗೆ ಕಟ್ಟಿದ ಬಟ್ಟೆಯೇ ಜೀವೋತ್ಪತ್ತಿಯ ಸ್ಥಾನವಾಗುತ್ತದೆ. ದಿನವೂ ಅದನ್ನು ಬಿಚ್ಚಿ, ತೊಳೆದು, ಒಣಗಿಸಿ, ಸವೆದಾಗ ಬದಲಿಸಬೇಕು. ಸೋಸಿದ ನೀರಿನ ಮರ್ಯಾದೆ 48 ನಿಮಿಷವೆಂಬುದನ್ನು ನೆನಪಿಡಬೇಕು. ಜೀವಿಗಳನ್ನು ಮೂಲಕ್ಕೆ ಮರಳಿಸಲು ನಳದಲ್ಲಿ ದಾರಿಯಿಲ್ಲದ ಕಾರಣ, ನೀರಿನ ಬಳಕೆಯನ್ನೇ ಮಿತಗೊಳಿಸುವುದು ಅಹಿಂಸೆಗೆ ಹೊಂದುವ ನಡತೆ.

ನವೀಕರಣದ ನೆಪದಲ್ಲಿ ಶಿಥಿಲಾಚಾರ ನುಸುಳಬಾರದು. ಬದಲಾವಣೆಯಿಂದ ಹಿಂಸೆ ಕಡಿಮೆಯಾಯಿತೇ, ಕಷಾಯ ಮಂದವಾಯಿತೇ, ಸ್ಮರಣೆ ಮರಳಿತೇ ಎಂದು ಪ್ರತಿಕ್ರಮಣದ ಸಮಯದಲ್ಲಿ ಕೇಳಿಕೊಳ್ಳಬೇಕು. ಸುಖ ಮಾತ್ರ ಹೆಚ್ಚಿದ್ದರೆ ಅದು ಪ್ರಮಾದ. ಬಹಳ ನಿಯಮಗಳನ್ನು ಒಮ್ಮೆಲೇ ಹೊತ್ತು ಬಳಲುವುದಕ್ಕಿಂತ ಒಂದನ್ನು ಒಂದು ಪಕ್ಷದ ಮಟ್ಟಿಗೆ ಆದರದಿಂದ ನಡೆಸುವುದು ಲೇಸು.

ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥ ಸ್ವಾಮಿಯ ಸನ್ನಿಧಿಯಲ್ಲಾಗಲಿ, ತಮ್ಮ ಊರಿನ ಬಸದಿಯಲ್ಲಾಗಲಿ ಶ್ರಾವಕ-ಶ್ರಾವಿಕೆಯರು ಕೈಮುಗಿದು ನಿಂತಾಗ, ಮನೆಯಲ್ಲಿ ಬರಿಯ ರೂಢಿಯಾಗಿ ಉಳಿದಿರುವ ಒಂದು ಆಚಾರವನ್ನು ನೆನೆಯಲಿ. ಅದರ ಅರ್ಥವನ್ನು ಗುರುಗಳಲ್ಲಿ ಕೇಳಿ ತಿಳಿಯಲಿ. ಅವಧಿಯನ್ನು ಕಟ್ಟಿ ಮತ್ತೆ ಸ್ವೀಕರಿಸಲಿ. ಬೇರಿಗೆ ನೀರೆರೆದವನ ಬಳ್ಳಿ ಋತುವಿಗೆ ತಕ್ಕಂತೆ ಚಿಗುರುತ್ತದೆ.