ಏಳು ದಿನದ ಹಾಲು

ವರ್ಷಕ್ಕೆ ಮೂರು ನಾಲ್ಕು ಸಲ, ಬಿಡುವಿನ ಭಾನುವಾರಗಳಲ್ಲಿ, ನಾನೊಂದು ಸಂಚಾರಿ ಪಶು ಚಿಕಿತ್ಸಾ ಶಿಬಿರದ ಜೊತೆ ಹನೂರು ತಾಲ್ಲೂಕಿನ ಕಾಡಂಚಿನ ಹಳ್ಳಿಗಳಿಗೆ ಹೋಗುತ್ತೇನೆ. ನಾನು ವೈದ್ಯನಲ್ಲ. ಪುಸ್ತಕದಲ್ಲಿ ಹೆಸರು ಬರೆಯುವುದು, ಮೂಗುದಾರ ಹಿಡಿಯುವುದು, ಜಂತುಹುಳದ ಔಷಧಿಯನ್ನು ಅಳೆದು ಗೊಟ್ಟಕ್ಕೆ ಸುರಿಯುವುದು, ಆಗಾಗ ಒದೆಸಿಕೊಳ್ಳುವುದು, ಇಷ್ಟೇ ನನ್ನ ಕೆಲಸ. 1962ಕ್ಕೆ ಫೋನು ಮಾಡಿದರೆ ಈಗ ಸರ್ಕಾರದ ಚಿಕಿತ್ಸಾ ಗಾಡಿಯೂ ಬರುತ್ತದೆ, ನಿಜ. ಆದರೆ ಆ ಫೋನು ಮಾಡುವುದಕ್ಕೇ ದಿಣ್ಣೆ ಹತ್ತಿ ಸಿಗ್ನಲ್ ಹುಡುಕಬೇಕಾದ ಊರುಗಳೂ ಇವೆ. ಅಂಥ ಕಡೆ ನಮ್ಮ ಜೀಪು ನಿಂತ ಅರ್ಧ ಗಂಟೆಗೆ ಹುಣಸೆಮರದ ಕೆಳಗೆ ದನದ ಸಂತೆಯೇ ನೆರೆಯುತ್ತದೆ. ಸಂಜೆ ಹಿಂದಿರುಗುವಾಗ ಮೈಗೆಲ್ಲ ಸಗಣಿಯ ವಾಸನೆ. ಮನಸ್ಸು ಮಾತ್ರ ಏನೋ ಪುಣ್ಯ ಸಂಪಾದಿಸಿದಂತೆ ಹಗುರ. ಈಚೆಗೆ ಆ ಹಗುರದ ಮೇಲೆಯೇ ನನಗೆ ಸಂಶಯ ಹುಟ್ಟಿದೆ.

ಕಳೆದ ವರ್ಷದ ಮಾತು. ಒಬ್ಬ ಹೆಣ್ಣುಮಗಳು ಸೀಮೆಹಸುವನ್ನು ಹಿಡಿದುಕೊಂಡು ಬಂದಳು. ಹಿಂದೆಯೇ ಎರಡು ಮಕ್ಕಳು. ಕೆಚ್ಚಲಿನ ಒಂದು ಭಾಗ ಕಲ್ಲಿನಂತೆ ಗಟ್ಟಿಯಾಗಿತ್ತು. ಡಾಕ್ಟರಮ್ಮ ಅಂಗೈಗೆ ಹಿಂಡಿ ನೋಡಿದರು: ಹಾಲಿನಲ್ಲಿ ಗರಣೆ. ಕೆಚ್ಚಲು ಬಾವು. ಮೊಲೆಯ ತುದಿಯಿಂದ ಔಷಧಿ ಏರಿಸಿ, ಮುಂದಿನ ಎರಡು ದಿನಕ್ಕೆ ಟ್ಯೂಬುಗಳನ್ನು ಕೈಗೆ ಕೊಟ್ಟರು. ಕಡೆಯ ಮಾತು ಹೇಳುವುದು ನನ್ನ ಪಾಲಿಗೆ ಬಂತು. ಔಷಧಿ ನಡೆಯುವ 3 ದಿನ, ಆಮೇಲೆ 4 ದಿನ, ಒಟ್ಟು 7 ದಿನ ಹಾಲನ್ನು ಡೇರಿಗೆ ಹಾಕಬಾರದು. ನಾಲ್ಕು ಮೊಲೆಯದೂ ಅಷ್ಟೆ.

“ಕಾಯಿಸಿದ್ರೆ ಹೋಗಲ್ವಾ ಸೋಮಿ?” ಎಂದಳು.

“ಪೂರ್ತಿ ಹೋಗೋದಿಲ್ಲ ತಾಯಿ.”

“ಐಕಳಿಗೆ ಕೊಡಬೋದಾ?”

“ಬೇಡಿ. ಚೆಲ್ಲಿಬಿಡಿ.”

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಪೆನಿಸಿಲಿನ್ ಜಾತಿಯ ಔಷಧಿ ಹಾಲಿನಲ್ಲಿ ಉಳಿದುಬರುತ್ತದೆ. ಕೆಲವರ ಮೈಗೆ ಅದು ಒಗ್ಗುವುದಿಲ್ಲ. ಚೂರುಚೂರಾಗಿ ಒಳಹೊಕ್ಕರೆ ರೋಗಾಣುಗಳು ಅದಕ್ಕೆ ಪಳಗಿಬಿಡುತ್ತವೆ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಎಷ್ಟೋ ಸಲ ಮೊಸರೂ ಆಗುವುದಿಲ್ಲ. ಹೆಪ್ಪಿನ ಜೀವಾಣುಗಳನ್ನೂ ಔಷಧಿ ಬಿಡುವುದಿಲ್ಲ. ಇದೆಲ್ಲ ಸರಿಯೇ. ಆದರೆ ಬೇನೆ ಬಿದ್ದ ಹಸು ದಿನಕ್ಕೆ 5 ಲೀಟರ್ ಕೊಡುತ್ತದೆಂದರೂ 7 ದಿನಕ್ಕೆ 35 ಲೀಟರಾಯಿತು. ಆ ಮನೆಗೆ ಕೈಗೆ ಕಾಸು ಬರುವುದು ಡೇರಿಯ ಬಟವಾಡೆಯ ದಿನ ಮಾತ್ರ. “ಚೆಲ್ಲಿಬಿಡಿ” ಎನ್ನಲು ನನಗೆ ಎಷ್ಟು ಖರ್ಚಾಯಿತು?

ಆಕೆ ನನ್ನ ಮಾತು ಮೀರಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಳ್ಳಿಯ ಡೇರಿಯಲ್ಲಿ ದಿನವೂ ನೋಡುವುದು ಜಿಡ್ಡನ್ನು, ಘನಾಂಶವನ್ನು. ಕ್ಯಾನಿಗೆ ಸುರಿದ ಮೇಲೆ ಯಾರ ಹಾಲು ಯಾವುದೋ! ಕಡೆಗೆ ಅದು ಬಂದು ಸೇರುವುದು ಊರಿನವರ ಕಾಫಿಗೆ, ನನ್ನ ಕಾಫಿಗೂ ಸೇರಿದಂತೆ. ಅಂದಮೇಲೆ ನಾನು ನೂರಾರು ಮೈಲಿ ಹೋಗಿ, ನನ್ನ ಆರೋಗ್ಯಕ್ಕಾಗಿ ನೀನು ಒಂದು ವಾರದ ಗಳಿಕೆ ಬಿಡು ಎಂದು ಆಕೆಯನ್ನು ಕೇಳಿ ಬಂದೆ. ಅದಕ್ಕೆ ಸೇವೆ ಎಂದು ಹೆಸರಿಟ್ಟುಕೊಂಡೆ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರು ನಾವು. ಹಸು ಮಾತಿಗೆ ತಪ್ಪಲಿಲ್ಲವೆಂದು ಕಣ್ಣೀರು ಹಾಕುತ್ತೇವೆ. ಕೊಟ್ಟಿಗೆಯಲ್ಲಿ ನಿಂತ ಕರುವಿನ ಕಡೆ ನಮ್ಮ ಗಮನ ಅಷ್ಟಾಗಿ ಹೋಗುವುದಿಲ್ಲ.

ಹಾಗೆಂದು ಹೇಳದೆ ಇರಬಹುದಿತ್ತೇ? ಅದೂ ಆಗದು. ಮುಚ್ಚಿಟ್ಟಿದ್ದರೆ ಆಕೆಗೂ ಮೋಸ, ಕುಡಿಯುವವರಿಗೂ ಮೋಸ. ಹೇಳುವವನು ನಷ್ಟದಲ್ಲಿ ಪಾಲು ಹೊರಬೇಕು, ಅಷ್ಟೆ. ಔಷಧಿಯ ಲೆಕ್ಕದಲ್ಲೇ ಚೆಲ್ಲುವ ಹಾಲಿನ ಬೆಲೆಯನ್ನೂ ಸೇರಿಸೋಣ ಎಂದು ಶಿಬಿರದ ಗೆಳೆಯರಿಗೆ ಸೂಚಿಸಿದೆ. “ದುಡ್ಡು ಕೊಡುತ್ತಾರೆಂದು ತಿಳಿದರೆ ಗಟ್ಟಿ ಇರುವ ಹಸುವಿಗೂ ಬಾವು ಬಂದೀತು” ಎಂದು ಒಬ್ಬರು ನಕ್ಕರು. ಬರಲಿ, ಒಂದೆರಡು ಬಂದರೆ ಏನಾಯಿತು? ಔಷಧಿಯ ಕಂಪನಿಗೆ ದುಡ್ಡು ಕೊಡುವಾಗ ನಮಗೆ ಈ ಸಂಶಯ ಬರುವುದಿಲ್ಲ. ಚರ್ಚೆ ಅಲ್ಲಿಗೇ ನಿಂತಿತು.

ಈ ವರ್ಷ ಅದೇ ಊರಿಗೆ ಹೋಗುವಾಗ ನನ್ನ ಕೈಯಿಂದಲೇ ಒಂದು ಲಕೋಟೆ ಮಾಡಿಕೊಂಡು ಹೋದೆ. ಆಕೆ ಬಂದಿದ್ದಳು, ಹಸು ಗೆಲುವಾಗಿತ್ತು, ಮಕ್ಕಳೂ ಇದ್ದರು. ಹೋದ ಸಲದ ಹಾಲಿನ ವಿಷಯ ಕೇಳಿದೆ.

“ಡೇರಿಗೆ ಒಂದು ತೊಟ್ಟೂ ಹಾಕ್ನಿಲ್ಲ ಸೋಮಿ, ನೀವು ಹೇಳಿದ್ರಲ್ಲ” ಎಂದಳು. ಸ್ವಲ್ಪ ತಡೆದು, “ಚೆಲ್ಲಕ್ಕೆ ಮನಸು ಬರ್ನಿಲ್ಲ. ಹೆಪ್ಪಾಕಿ ನೋಡ್ದೆ, ಮೊಸರಾಗ್ನಿಲ್ಲ. ಐಕ ಹಂಗೇ ಕುಡ್ಕಂಡೋ” ಎಂದಳು.

ಡಾಕ್ಟರಮ್ಮ ಕೆಚ್ಚಲನ್ನು ಮುಟ್ಟಿ ನೋಡಿ, ಏನೂ ತೊಂದರೆಯಿಲ್ಲವೆಂದು ಮುಂದಿನವರನ್ನು ಕರೆದರು.