ಹೊರೆ ಇಳಿಸಿದ ಸೇತುವೆ

ದುಡಿಯುವವರೆಗೆ ಮಾತ್ರ ಬೆಲೆ, ದುಡಿಮೆ ನಿಂತೊಡನೆ ಅದು ಕಸ ಎಂಬುದು ಲೋಕದ ರೂಢಿ. ಈ ರೂಢಿ ನ್ಯಾಯವಾದುದೆ? ಬಹುಕಾಲ ನಮ್ಮ ಹೊರೆಯನ್ನು ಹೊತ್ತುದಕ್ಕೆ ನಾವು ಸಲ್ಲಿಸಬೇಕಾದ ಋಣವೇನಾದರೂ ಉಂಟೆ? ಹಳೆಯ ರೈಲು ಸೇತುವೆಗಳ ಗತಿಯನ್ನು ವಿಚಾರಿಸಿದರೆ ಈ ಪ್ರಶ್ನೆ ತಿಳಿಯಾಗುವುದು.

ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ನಮ್ಮ ಬಂಗಾರಪೇಟೆ ರೈಲಿನ ಆಶ್ರಯದಲ್ಲಿ ಬೆಳೆದ ಊರು. 1894ರಲ್ಲಿ ಇಲ್ಲಿಂದ ಮಾರಿಕುಪ್ಪಂವರೆಗೆ ಸುಮಾರು 10 ಮೈಲಿಗಳ ಚಿನ್ನದ ಗಣಿಯ ದಾರಿ ತೆರೆಯಿತು. 1913ರಲ್ಲಿ ಎರಡೂವರೆ ಅಡಿ ಅಗಲದ ಕಿರುದಾರಿ ಕೋಲಾರವನ್ನು ಮುಟ್ಟಿತು. ಕಾಲಾಂತರದಲ್ಲಿ ಆ ಕಿರುದಾರಿಗೆ ಬದಲಾಗಿ ಐದೂವರೆ ಅಡಿಯ ಹಿರಿದಾರಿ ಬಂದಿತು. ಕೋಲಾರದಿಂದ ಚಿಕ್ಕಬಳ್ಳಾಪುರದವರೆಗಿನ ಹಿರಿದಾರಿ 2013ರಲ್ಲಿ ತೆರೆಯಿತು. ಹಗುರವಾದ ಬಂಡಿಗೆಂದು ಕಟ್ಟಿದ ಸೇತುವೆ ಭಾರವಾದ ಬಂಡಿಯನ್ನು ಹೊರಲಾರದು. ಅದು ತನ್ನ ಕೆಲಸದಲ್ಲಿ ತಪ್ಪಿದುದರಿಂದ ಹೀಗಾದುದಲ್ಲ. ನಮ್ಮ ಹೊರೆಯೇ ಹೆಚ್ಚಿತು.

ಹೀಗೆ ಬಿಡುವು ಪಡೆದ ಸೇತುವೆಗೆ ಮೂರು ಗತಿಗಳುಂಟು. ತೊಲೆಗಳನ್ನು ಬಿಚ್ಚಿ ಹಗುರವಾದ ಕೆಲಸಕ್ಕೆ ಹಚ್ಚುವುದು, ಇಲ್ಲವೆ ಕರಗಿಸಿ ಹೊಸ ಉಕ್ಕಾಗಿಸುವುದು ಮೊದಲನೆಯದು. ನೆನಪಿಗಾಗಿ ಉಳಿಸುವುದು ಎರಡನೆಯದು. 1900ರಿಂದ 1997ರವರೆಗೆ ದುಡಿದ ಗೋದಾವರಿಯ ಹ್ಯಾವ್‌ಲಾಕ್ ಸೇತುವೆ ರಾಜಮಹೇಂದ್ರಿಯಲ್ಲಿ ಇಂದಿಗೂ ನಿಂತಿದೆ. ಬಳಸದೆ, ಬಿಚ್ಚದೆ, ನೋಡುವವರಿಲ್ಲದೆ ತುಕ್ಕು ಹಿಡಿಯಲು ಬಿಡುವುದು ಮೂರನೆಯದು. ಮೊದಲೆರಡರಲ್ಲಿ ಗೌರವವಿದೆ, ಮೂರನೆಯದು ಕೃತಘ್ನತೆ.

ಇದಕ್ಕಿಂತಲೂ ದೊಡ್ಡ ಅಪರಾಧ ಇನ್ನೊಂದುಂಟು. ಅದು ಬಿಡುವು ಕೊಡಬೇಕಾದಾಗ ಕೊಡದೆ ದುಡಿಸುವುದು. ಉಕ್ಕಿಗೂ ದಣಿವುಂಟು. ಒಂದೇ ಭಾರವನ್ನು ಲಕ್ಷಾಂತರ ಸಲ ಹೊತ್ತಾಗ ಕಣ್ಣಿಗೆ ಕಾಣದ ಸೀಳುಗಳು ಅದರಲ್ಲಿ ಹುಟ್ಟುವುವು. ಕಡಲ ಗಾಳಿ ಅದನ್ನು ತಿನ್ನುವುದು. 1914ರ ಪಾಂಬನ್ ಸೇತುವೆಯ ಎತ್ತುವ ಭಾಗ ಶಿಥಿಲವಾದುದು ಕಂಡೊಡನೆ, 2022ರ ಡಿಸೆಂಬರಿನಲ್ಲಿ ಅದರ ಮೇಲೆ ರೈಲು ನಿಲ್ಲಿಸಿದರು. ಹೊಸ ಸೇತುವೆ ತೆರೆದುದು 2025ರ ಏಪ್ರಿಲಿನಲ್ಲಿ. ಅಷ್ಟು ಕಾಲವೂ ರಾಮೇಶ್ವರದ ಯಾತ್ರಿಕರು ಈಚೆಯ ದಡದಲ್ಲೇ ರೈಲಿಳಿದು ರಸ್ತೆಯಿಂದ ಹೋಗಬೇಕಾಯಿತು. ಆ ಅನಾನುಕೂಲವೇ ವಿವೇಕದ ಬೆಲೆ. ನಮ್ಮ ನಾಡಿನ ಕಾರವಾರದಲ್ಲಿ ಮಾತ್ರ ಬೇರೆಯಾಯಿತು. ಅಲ್ಲಿಯದು ರೈಲಿನ ಸೇತುವೆಯಲ್ಲ, ರಸ್ತೆಯದು. ಪಕ್ಕದಲ್ಲೇ ಹೊಸದು ಎದ್ದ ಮೇಲೂ ಕಾಳೀ ನದಿಯ ಹಳೆಯ ಸೇತುವೆ ವಾಹನಗಳನ್ನು ಹೊರುತ್ತಲೇ ಇದ್ದಿತು. 2024ರ ಆಗಸ್ಟಿನ ಒಂದು ರಾತ್ರಿ ಲಾರಿಯೊಂದರ ಸಮೇತ ಕುಸಿದು ನದಿಗೆ ಬಿದ್ದಿತು.

ಇನ್ನು ಮನುಷ್ಯನ ಮಾತು. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿತು. ನೆಲದಾಳದಲ್ಲಿ ತಲೆಮಾರುಗಳಿಂದ ದುಡಿದ ಮನೆತನಗಳು ಒಮ್ಮೆಲೇ ಬೇಡವಾದುವು. ಚಿನ್ನಕ್ಕೆಂದು ಹಾಸಿದ ಅದೇ ಹಳಿಯ ಮೇಲೆ ಆ ಮನೆಗಳ ಮಕ್ಕಳು ಇಂದು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ದಾರಿಗೆ ಹೊಸ ಕಾಯಕ ದೊರೆಯಿತು. ಮುದಿ ಗಣಿಗಾರನಿಗೆ ದೊರೆತುದೇನು? ಕಬ್ಬಿಣವನ್ನು ತೂಕಕ್ಕೆ ಮಾರಿದರೆ ಅಧರ್ಮವಲ್ಲ, ಅದು ಇನ್ನೊಂದು ರೂಪದಲ್ಲಿ ಹುಟ್ಟಿ ಬರುವುದು. ಮನುಷ್ಯನನ್ನು ಹಾಗೆ ತೂಗಲಾಗದು. ಸೇತುವೆಯ ಹೋಲಿಕೆ ಇಲ್ಲಿಗೆ ನಿಲ್ಲುವುದು.

ಕಾಯಕವನ್ನು ಹಿರಿದೆಂದ ಶರಣರು ಕಾಯಕ ಮಾಡುವವನನ್ನು ಕಿರಿದೆನ್ನಲಿಲ್ಲ. ಸೋತ ಭುಜದ ಮೇಲೆ ಮತ್ತೆ ಹೊರೆ ಹೊರಿಸದಿರುವುದು, ಇಳಿಸಿದ ಮೇಲೆ ಮೂಲೆಗೆ ತಳ್ಳದಿರುವುದು, ಇವೆರಡೂ ಸೇರಿದರೆ ಋಣ ಸಂದಂತೆ. ಹಿರಿಯರಿರುವ ಪ್ರತಿಯೊಂದು ಮನೆಯಲ್ಲಿಯೂ ಈ ಲೆಕ್ಕವನ್ನು ಸದ್ಭಕ್ತರು ದಿನವೂ ನೋಡಿಕೊಳ್ಳತಕ್ಕದ್ದು.