ಕಂಡಿಕೆ ಮುಗಿದಾಗ

ಗುಳೇದಗುಡ್ಡದ ಅತ್ತೆಯ ಮನೆಯಲ್ಲಿ ಖಣ ನೇಯುವ ಕೈಮಗ್ಗವಿತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಕೂತು ಮಾವ ನೇಯುತ್ತಿದ್ದರು. ಪಡಸಾಲೆಯ ಬೆಳಕಿನಲ್ಲಿ ರಾಟೆ ಹಾಕಿಕೊಂಡು ಅತ್ತೆ ಕಂಡಿಕೆ ಸುತ್ತುತ್ತಿದ್ದಳು. ಬೆರಳುದ್ದದ ಒಂದು ಕೊಳವೆ, ಅದರ ಮೈತುಂಬ ಹೊಕ್ಕಿನ ನೂಲು. ಅದನ್ನು ಲಾಳಿಯ ಹೊಟ್ಟೆಯಲ್ಲಿ ಕೂರಿಸಿ ಹಾಸಿನ ಎಳೆಗಳ ನಡುವೆ ಅತ್ತಿಂದಿತ್ತ ಓಡಿಸಿದರೆ ನೂಲು ಬಿಚ್ಚಿಕೊಳ್ಳುತ್ತ ಬಟ್ಟೆಯಾಗುತ್ತಿತ್ತು. ನೂಲು ಮುಗಿಯಿತೋ, ಮಗ್ಗದ ಸದ್ದು ಗಕ್ಕನೆ ನಿಲ್ಲುತ್ತಿತ್ತು. ಮಾವ ತಲೆಯೆತ್ತದೆ ಕೈ ಚಾಚುತ್ತಿದ್ದರು. ತುಂಬಿದ ಕಂಡಿಕೆಯೊಂದನ್ನು ಅತ್ತೆ ಆ ಕೈಯಲ್ಲಿ ಇಡುತ್ತಿದ್ದಳು. ಆ ಒಂದು ಗಳಿಗೆಯಲ್ಲಿ ಪಕ್ಕದ ಮನೆಯ ಮಗ್ಗ, ಬೀದಿಯಲ್ಲಿ ಹೋಗುವವರ ಮಾತು, ಒಲೆಯ ಮೇಲಿನ ಸಾರಿನ ಕುದಿತ ಎಲ್ಲವೂ ಒಳಗೆ ಬರುತ್ತಿದ್ದವು.

ಅದೇ ಹೊತ್ತಿಗೆ ಶಾಲೆಯಲ್ಲಿ ನಾವು ‘ಪ್ಯಾರಾ’ ಕಲಿಯುತ್ತಿದ್ದೆವು. ಉಕ್ತಲೇಖನ ಹೇಳುವಾಗ ಗುರುಗಳು “ಪೂರ್ಣವಿರಾಮ. ಹೊಸ ಪ್ಯಾರಾ. ಎರಡು ಬೆರಳು ಜಾಗ ಬಿಡ್ರಿ” ಎಂದು ಕಿಟಕಿಯವರೆಗೆ ನಡೆದು ಹೋಗಿ ಬರುತ್ತಿದ್ದರು. ಅವರು ತಿರುಗಿ ಬರುವವರೆಗೆ ನಾವು ಬೆರಳು ಮುರಿದುಕೊಳ್ಳಬಹುದಿತ್ತು. ಪ್ಯಾರಾ ಎಂದರೆ ನನಗೆ ಬಹಳ ಕಾಲ ಆ ನಡಿಗೆಯೇ ಆಗಿತ್ತು.

ಎಷ್ಟೋ ವರ್ಷಗಳ ಮೇಲೆ ಒಂದು ಸರ್ಕಾರಿ ಆದೇಶವನ್ನು ಓದುತ್ತ ಕೂತಿದ್ದಾಗ, ‘ಮೇಲಿನ ಕಂಡಿಕೆಯಲ್ಲಿ ವಿವರಿಸಿದಂತೆ’ ಎಂಬ ಮಾತು ಕಣ್ಣಿಗೆ ಬಿತ್ತು. ಪ್ಯಾರಾಕ್ಕೆ ಕನ್ನಡದಲ್ಲಿ ಕಂಡಿಕೆ ಎನ್ನುತ್ತಾರೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ದಿನ ಆ ಪದ ಅತ್ತೆಯ ಬುಟ್ಟಿಯಿಂದ ಉರುಳಿ ಬಂದು ಹಾಳೆಯ ಮೇಲೆ ನಿಂತಂತೆ ಅನ್ನಿಸಿತು. ಎರಡೂ ಬೇರೆ ಬೇರೆ ದಾರಿಯಿಂದ ಬಂದ ಮಾತುಗಳಿರಬಹುದು. ಬರಹದ ಕಂಡಿಕೆ ಸಂಸ್ಕೃತದ ನೆಂಟಸ್ತಿಕೆಯದು. ಶತಪಥ ಬ್ರಾಹ್ಮಣದಂಥ ವೈದಿಕ ಗದ್ಯವನ್ನು ಸಣ್ಣ ಸಣ್ಣ ಕಂಡಿಕೆಗಳಾಗಿಯೇ ವಿಂಗಡಿಸಿದ್ದಾರೆ. ಹಾಳೆಯ ಹಂಗಿಲ್ಲದೆ ಬಾಯಿಂದ ಬಾಯಿಗೆ ದಾಟಿಸಿ ಉಳಿಸಿಕೊಂಡ ಗದ್ಯ ಅದು. ಅಲ್ಲಿ ಕಂಡಿಕೆಯೆಂದರೆ ಗುರು ಹೇಳಿ ನಿಲ್ಲಿಸುವಷ್ಟು, ಶಿಷ್ಯ ಹಿಡಿದುಕೊಳ್ಳುವಷ್ಟು. ಮಗ್ಗದ ಮನೆಯಲ್ಲೂ ಅದೇ ಲೆಕ್ಕ: ಒಬ್ಬಳು ಸುತ್ತುವಷ್ಟು, ಒಬ್ಬ ನೇಯುವಷ್ಟು.

ಪ್ಯಾರಾಗ್ರಾಫ್ ಎಂಬ ಗ್ರೀಕ್ ಮಾತಿನ ಹಿಂದೆ ಹೋದಾಗ ಬೆರಗು ಇನ್ನೂ ಹೆಚ್ಚಾಯಿತು. ‘ಪಾರಾ’ ಎಂದರೆ ಪಕ್ಕದಲ್ಲಿ, ‘ಗ್ರಾಫೋ’ ಎಂದರೆ ಬರೆಯುತ್ತೇನೆ. ಪಪೈರಸ್ ಸುರುಳಿಗಳಲ್ಲಿ ಗ್ರೀಕರು ಪದಕ್ಕೂ ಪದಕ್ಕೂ ನಡುವೆ ತೆರಪು ಬಿಡದೆ ಬರೆಯುತ್ತಿದ್ದರು. ಮಾತು ಮಗ್ಗುಲು ಬದಲಿಸುವಲ್ಲಿ ಸಾಲಿನ ಮೊದಲ ಅಕ್ಷರಗಳ ಕೆಳಗೆ, ಅಂಚಿಗೆ ಒಂದು ಪುಟ್ಟ ಅಡ್ಡಗೆರೆ ಎಳೆಯುತ್ತಿದ್ದರು. ನಾಟಕದ ಪ್ರತಿಗಳಲ್ಲಿ ಆ ಗೆರೆ ಒಂದು ಪಾತ್ರದ ಮಾತು ಮುಗಿದು ಇನ್ನೊಬ್ಬರ ಮಾತು ಮೊದಲಾಗುವುದನ್ನು ತೋರಿಸುತ್ತಿತ್ತು. ಇನ್ನೊಬ್ಬರು ಬರುವ ಜಾಗವೇ ಪ್ಯಾರಾಗ್ರಾಫು.

ಮುಂದೆ ಯುರೋಪಿನ ಹಸ್ತಪ್ರತಿಗಳಲ್ಲಿ ಗೆರೆ ಹೋಗಿ ಕೆಂಪು ಶಾಯಿಯ ಗುರುತು ಬಂತು. ಅದನ್ನು ಹಾಕುತ್ತಿದ್ದವನು ಸಾಮಾನ್ಯವಾಗಿ ಬೇರೆಯವನು. ಲಿಪಿಕಾರ ಕಪ್ಪು ಶಾಯಿಯಲ್ಲಿ ಬರೆದುಕೊಂಡು ಹೋಗುವಾಗ ಕೆಂಪು ಶಾಯಿಯವನಿಗಾಗಿ ಅಷ್ಟು ಜಾಗ ಬಿಟ್ಟಿರುತ್ತಿದ್ದ. ಅಚ್ಚಿನ ಕಾಲ ಬಂದಮೇಲೆ ಪುಸ್ತಕಗಳು ರಾಶಿ ಬಿದ್ದವು, ಕೆಂಪು ಶಾಯಿಯ ಕೈಗಳು ಸಾಲದಾದವು. ಗುರುತು ಬೀಳದೆ ಜಾಗ ಮಾತ್ರ ಹಾಗೇ ಉಳಿದುಕೊಂಡಿತು. ಕಂಡಿಕೆಯ ಮೊದಲ ಸಾಲಿನಲ್ಲಿ ಇಂದಿಗೂ ನಾವು ಬಿಡುವ ತೆರಪು ಹೀಗೆ ಬಂದದ್ದೆಂದು ಪುಸ್ತಕದ ಇತಿಹಾಸ ಬಲ್ಲವರು ಹೇಳುತ್ತಾರೆ. ಗುರುಗಳು ಬಿಡಿಸುತ್ತಿದ್ದ ಆ ಎರಡು ಬೆರಳು ಜಾಗ, ಬರಬೇಕಾಗಿದ್ದು ಬಾರದೆ ಹೋದ ಒಬ್ಬನಿಗಾಗಿ ಕಾದಿಟ್ಟದ್ದು! ಇದನ್ನು ತಿಳಿದ ದಿನ ನನಗೆ ಬೇರೆ ಏನನ್ನೂ ಓದಲಾಗಲಿಲ್ಲ.

ನಮ್ಮ ಓಲೆಗರಿಗಳೂ ಗ್ರೀಕರ ಸುರುಳಿಗಳಂತೆಯೇ ಒತ್ತೊತ್ತಾಗಿ ತುಂಬಿಕೊಂಡವು. ಕಬ್ಬಿಣದ ಕಂಠದಿಂದ ಗರಿಯ ಮೇಲೆ ಕೊರೆದು, ಮಸಿ ತೀಡಿ, ಒರೆಸಿದರೆ ಅಕ್ಷರ ಮೂಡುತ್ತದೆ. ಗರಿಯ ಅಗಲ ಕಡಿಮೆ, ಬರೆಯಬೇಕಾದ್ದು ಹೆಚ್ಚು. ದಾರಕ್ಕೆ ಕೊರೆದ ತೂತಿನ ಸುತ್ತ ಬಿಟ್ಟ ತೆರಪನ್ನು ಬಿಟ್ಟರೆ ಉಳಿದದ್ದೆಲ್ಲ ಅಕ್ಷರ. ಪದ್ಯಕ್ಕೆ ಅದರಿಂದ ತೊಂದರೆಯಿಲ್ಲ. ಕಂದವೋ ಷಟ್ಪದಿಯೋ ಆದರೆ ಪ್ರಾಸ, ಗಣಗಳೇ ಎಲ್ಲಿ ನಿಲ್ಲಬೇಕೆಂದು ಕಿವಿಯಲ್ಲಿ ಹೇಳುತ್ತವೆ. ಪಾಡು ಗದ್ಯದ್ದು. ಹತ್ತೊಂಬತ್ತು ಕಥೆಗಳ ‘ವಡ್ಡಾರಾಧನೆ’ಯನ್ನು ಡಿ.ಎಲ್. ನರಸಿಂಹಾಚಾರ್ಯರು ಸಂಪಾದಿಸಿ 1949ರಲ್ಲಿ ಹೊರತಂದರು. ಅಂಥ ಗ್ರಂಥಗಳನ್ನು ನಾವು ಉಸಿರು ಕಟ್ಟದೆ ಓದುತ್ತೇವೆಂದರೆ, ಗರಿಗಳ ಮೇಲೆ ಬಾಗಿ ಕೂತು ಪದ ಬಿಡಿಸಿ, ವಾಕ್ಯ ಬಿಡಿಸಿ, ಕಂಡಿಕೆ ಬಿಡಿಸಿಕೊಟ್ಟ ಸಂಪಾದಕರ ಪುಣ್ಯ ಅದು. ಸಾವಿರ ವರ್ಷದ ಹಿಂದೆ ಒಬ್ಬರು ನೇಯ್ದರು, ಎಲ್ಲಿ ನಿಂತರೆಂಬುದನ್ನು ಇನ್ನೊಬ್ಬರು ಕಂಡುಕೊಟ್ಟರು. ಟಿಪ್ಪಣಿ, ಪಾಠಾಂತರಗಳಿಗೆ ಸಲ್ಲುವ ಗೌರವ ಈ ಕೆಲಸಕ್ಕೆ ಸಲ್ಲಲಿಲ್ಲ, ಸಲ್ಲಬೇಕಾಗಿತ್ತು.

ವಚನಕಾರರು ಮಾತ್ರ ಎಲ್ಲಿ ನಿಲ್ಲಬೇಕೆಂಬ ಈ ಕಷ್ಟವನ್ನು ಮೊದಲೇ ಬಲ್ಲವರಂತೆ ನಡೆದುಕೊಂಡರು. ಪ್ರತಿ ವಚನದ ಕೊನೆಗೆ ಅಂಕಿತ. ಗರಿಯಲ್ಲಿ ಎಷ್ಟೇ ಒತ್ತಿ ಬರೆದರೂ ಅಂಕಿತ ಬಂತೆಂದರೆ ಓದುವವನು ನಿಲ್ಲುತ್ತಾನೆ. ಮುದನೂರಿನ ದಾಸಿಮಯ್ಯನ ಅಂಕಿತ ‘ರಾಮನಾಥ’. ಜೇಡರ ದಾಸಿಮಯ್ಯ ಎಂದೇ ಹೆಸರಾದ ಆತ ನೇಕಾರ. ಅವನ ವಚನಗಳು ಬಹಳ ಚಿಕ್ಕವು, ಒಂದು ಕಂಡಿಕೆಯ ನೂಲಿನಷ್ಟೇ. ಮಗ್ಗದಲ್ಲಿ ಕೂತವನಿಗೆ ಅಳತೆ ಕೈಯಲ್ಲೇ ಇತ್ತೆಂದು ನಾನು ನಂಬಿದ್ದೇನೆ. ನೂಲು ಮುಗಿದಲ್ಲೆಲ್ಲ ಕೈ ನಿಲ್ಲುತ್ತದೆ. ನಿಂತಾಗಲೆಲ್ಲ ಅವನು ರಾಮನಾಥನನ್ನು ಕರೆಯುತ್ತಾನೆ.

ಕಥೆ ಹೇಳುವವರ ಕಂಡಿಕೆ ಬೇರೆ. ಅತ್ತೆ ರಾತ್ರಿ ಕಥೆ ಹೇಳುವಾಗ “ಹಿಂಗಿರಬೇಕಾದರ…” ಎಂದು ಎಳೆದು ಸುಮ್ಮನಾಗುತ್ತಿದ್ದಳು. ನಾವು “ಹೂಂ” ಅನ್ನಬೇಕು. ಅನ್ನದಿದ್ದರೆ ಕಥೆ ಮುಂದಕ್ಕೆ ಹೋಗುತ್ತಿರಲಿಲ್ಲ. ನಿದ್ದೆ ಬಂದು ನಮ್ಮ ಹೂಂ ನಿಂತಿತೆಂದರೆ ರಾಜಕುಮಾರ ಕಾಡಿನ ನಡುವೆಯೇ ಬೆಳಗಿನವರೆಗೆ ನಿಂತಿರುತ್ತಿದ್ದ. ಬರೆಯುವವನ ಎದುರಿಗೆ ಹೂಂಗುಟ್ಟುವವರು ಇರುವುದಿಲ್ಲ. ಯಾರು ಓದುತ್ತಾರೋ, ಯಾವ ಊರಲ್ಲೋ, ಅವನು ಸತ್ತು ಎಷ್ಟು ವರ್ಷಕ್ಕೋ. ಆದರೂ ಅವನು ನಡುನಡುವೆ ಬರಿದು ಜಾಗ ಬಿಡುತ್ತಾನೆ. ಆ ಬಿಳಿಯಲ್ಲಿ ನೀವು ಹೂಂ ಅನ್ನುತ್ತೀರಿ. ಅದು ಅವನಿಗೆ ಕೇಳಿಸುವುದಿಲ್ಲ. ಕೇಳಿಸಿತೆಂದು ನಂಬಿಯೇ ಅವನು ಮುಂದಿನ ಸಾಲು ಬರೆದಿರುತ್ತಾನೆ. ಬರಹದಲ್ಲಿ ಇದಕ್ಕಿಂತ ದೊಡ್ಡ ಬೆರಗನ್ನು ನಾನು ಕಂಡಿಲ್ಲ.

ಎಷ್ಟು ಉದ್ದ ಇರಬೇಕು ಎಂದು ಹೊಸದಾಗಿ ಬರೆಯುವವರು ಕೇಳುತ್ತಾರೆ. ನನಗೆ ಗೊತ್ತಿರುವ ಪಾಠ ಒಂದೇ, ಅದೂ ಅತ್ತೆ ಹೇಳಿದ್ದು. ಒಮ್ಮೆ ಹಟ ಮಾಡಿ ನಾನೂ ರಾಟೆಗೆ ಕೂತಿದ್ದೆ. ಬೇಗ ಏಳಬಾರದೆಂಬ ಆಸೆಗೆ ಸುತ್ತಿದ್ದೇ ಸುತ್ತಿದ್ದು. ಅವಳು ಕೈ ಹಿಡಿದು ನಿಲ್ಲಿಸಿ, “ತಮ್ಮಾ, ಭಾಳ ದಪ್ಪ ಸುತ್ತಿದರ ಲಾಳಿಯೊಳಗ ಕೂಡೂದಿಲ್ಲ. ಸಡಲ ಸುತ್ತಿದರ ನೂಲು ಜಾರಿ ಸಿಕ್ಕಾಗತೈತಿ. ನಿಮ್ಮ ಮಾವನ ಕೈ ನೆನಿಸಿಕೊಂಡು ಸುತ್ತು” ಅಂದಳು. ಒಂದೇ ವಾಕ್ಯದ ಕಂಡಿಕೆಗಳನ್ನು ಸಾಲಾಗಿ ಉದುರಿಸುವ ಈಗಿನ ಬರಹ ಕಂಡಾಗ ಸಡಿಲ ನೂಲು ನೆನಪಾಗುತ್ತದೆ. ಎರಡು ಪುಟ ತುಂಬಿ ನಿಂತ ಒಂದೇ ಕಂಡಿಕೆ ಕಂಡಾಗ, ಲಾಳಿಯಲ್ಲಿ ಕೂರದಷ್ಟು ದಪ್ಪವಾದ ನನ್ನ ಆ ದಿನದ ಕೆಲಸ. ಅವಳ ಮಾತಿನ ಕೊನೆಯ ಭಾಗ ಇನ್ನೂ ಕಷ್ಟದ್ದು. ಯಾರ ಕೈ ನೆನೆಸಿಕೊಳ್ಳಬೇಕು? ಓದುವವರ ಮುಖ ಒಂದಾದರೂ ಕಣ್ಣಮುಂದೆ ಇಲ್ಲದಿದ್ದರೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯುವುದಿಲ್ಲ.

ನಾಲ್ಕನೆಯ ಇಯತ್ತೆಯವರೆಗೆ ಓದಿದ್ದ ಅತ್ತೆ ನಮ್ಮ ತಂದೆಗೆ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದಳು. ಅಂಚಿನವರೆಗೂ, ಮಡಿಚುವ ಪಟ್ಟಿಯ ಮೇಲೂ ಅಕ್ಷರ. ಕಂಡಿಕೆ ಸುತ್ತಿದ ಕೈ ಹಾಳೆಯ ಮೇಲೆ ಒಂದು ಕಂಡಿಕೆಯನ್ನೂ ಬಿಡುತ್ತಿರಲಿಲ್ಲ. ಕಾಗದಕ್ಕೆ ದುಡ್ಡು ಕೊಟ್ಟಿದ್ದೇವಲ್ಲ, ಬಿಡುವುದು ಹೇಗೆ? ತಂದೆ ಅದನ್ನು ಗಟ್ಟಿಯಾಗಿ ಓದುವಾಗ ಮಾತ್ರ ‘ತರುವಾಯ’ ಎಂಬಲ್ಲಿ ನಿಲ್ಲುತ್ತಿದ್ದರು. ‘ಅದಿರಲಿ’ ಎಂಬಲ್ಲಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಅವಳ ಕೊನೆಯ ಪತ್ರವನ್ನು ಮೊಮ್ಮಕ್ಕಳಿಗಾಗಿ ನಾನು ಈಚೆಗೆ ನಕಲು ಮಾಡಿದೆ. ಒಂದಕ್ಷರವನ್ನೂ ತಿದ್ದಲಿಲ್ಲ. ಗಟ್ಟಿಯಾಗಿ ಓದಿಕೊಂಡು, ತಂದೆಯ ದನಿ ನಿಲ್ಲುತ್ತಿದ್ದಲ್ಲೆಲ್ಲ ಎರಡು ಬೆರಳು ಜಾಗ ಬಿಟ್ಟೆ. 11 ಕಂಡಿಕೆಗಳಾದವು.